ಗೀರು ಬಿದ್ದ ಲ್ಯಾಪ್‌ಟಾಪ್, ಎಳೆ ತಪ್ಪಿದ ಸೀರೆ

ನನ್ನ ಲ್ಯಾಪ್‌ಟಾಪಿನ ಮುಚ್ಚಳದ ಬಲ ಮೂಲೆಯಲ್ಲಿ ಜೋಳದ ಕಾಳಿನಷ್ಟು ಪ್ಲಾಸ್ಟಿಕ್ ಕಿತ್ತಿದೆ. ಅಲ್ಲಿಂದ ಎರಡು ಬೆರಳಿನಷ್ಟು ಉದ್ದದ ಗೀರು ಓರೆಯಾಗಿ ಹೋಗಿದೆ. ಬೆಳಕಿಗೆ ಹಿಡಿದರೆ ಬೆಳ್ಳಗೆ ಕಾಣುತ್ತದೆ. ಇದು ನನ್ನ ಕೈಯಿಂದ ಆದದ್ದಲ್ಲ. ಬರುವಾಗಲೇ ಹಾಗಿತ್ತು. ಮೈಮೇಲೆ ಗುರುತಿದೆ ಅಂತ ಹೇಳಿಯೇ ಮಾರಿದ್ದರು, ಹೀಗಿದ್ದದ್ದಕ್ಕೇ ಕಡಿಮೆ ಬೆಲೆಗೆ ಸಿಕ್ಕಿತು.

ಬಾಗಲಕೋಟೆಯ ನವನಗರದಲ್ಲಿ ನನ್ನದೊಂದು ಸಣ್ಣ ಆಫೀಸ್ ಇದೆ. ಟ್ಯಾಲಿ ಎಂಟ್ರಿ, ಜಿಎಸ್‌ಟಿ ರಿಟರ್ನ್, ಅಂಗಡಿಯವರ ಲೆಕ್ಕಪತ್ರ ಇದೇ ಕೆಲಸ. ಎದುರಿಗೆ ಕೂತವರ ಕಣ್ಣು ಮೊದಲು ಆ ಗೀರಿನ ಮೇಲೇ ಬೀಳುತ್ತದೆ. "ಮೇಡಂ, ಕೆಳಗ ಬೀಳ್ಸೀರೇನ್ರಿ?" ಅಂತ ಕೇಳುತ್ತಾರೆ. ಹಿಂದೆಯೇ ಇನ್ನೊಂದು ಪ್ರಶ್ನೆ ಬರುತ್ತದೆ, ಮಗನಿಗೋ ಮಗಳಿಗೋ ಒಂದು ಲ್ಯಾಪ್‌ಟಾಪ್ ಬೇಕು, ಸೆಕೆಂಡ್ ಹ್ಯಾಂಡ್ ತಗೊಳ್ಳಬಹುದಾ ಅಂತ. ಎಲ್ಲರಿಗೂ ಹೇಳಿದ್ದನ್ನೇ ಇಲ್ಲಿ ಪೂರ್ತಿ ಬರೆಯುತ್ತಿದ್ದೇನೆ.

2022ರ ಜನವರಿಯಲ್ಲಿ ಬೇರೆ ಊರಿನ ಒಂದು ಅಂಗಡಿಯಿಂದ ರಿಫರ್ಬಿಶ್ಡ್, ಅಂದರೆ ಹಳೆಯದನ್ನು ಸರಿಮಾಡಿ ಮತ್ತೆ ಮಾರುವ, ಲ್ಯಾಪ್‌ಟಾಪ್ ತರಿಸಿದ್ದೆ. 24,000 ರೂಪಾಯಿ. ಬಾಕ್ಸ್ ಬಿಚ್ಚಿದಾಗ ತುಂಬಾ ಖುಷಿಯಾಯಿತು. ಮುಚ್ಚಳಕ್ಕೆ ಕಪ್ಪು ಸ್ಟಿಕರ್ ನೀಟಾಗಿ ಅಂಟಿಸಿದ್ದರು. ಕೀಬೋರ್ಡಿನ ಮೇಲೂ ಹೊಸ ಅಕ್ಷರದ ಸ್ಟಿಕರ್. ಹುಡುಕಿದರೂ ಒಂದು ಗೀರಿಲ್ಲ. ಮೂರು ತಿಂಗಳು ವಾರಂಟಿ ಅಂತ ಫೋನಿನಲ್ಲಿ ಹೇಳಿದ್ದರು. ಬಿಲ್ಲಿನಲ್ಲಿ ಅದರ ಸುದ್ದಿಯೇ ಇರಲಿಲ್ಲ, ಸೀರಿಯಲ್ ನಂಬರೂ ಇರಲಿಲ್ಲ. ದಿನವಿಡೀ ಬೇರೆಯವರ ಬಿಲ್ ನೋಡುವವಳು ನಾನು. ನನ್ನದನ್ನೇ ಓದದೆ ಫೈಲಿಗೆ ಹಾಕಿದ್ದು ಈಗಲೂ ಮನಸ್ಸಿಗೆ ಚುಚ್ಚುತ್ತದೆ.

ಮೇ ತಿಂಗಳ ಬಿಸಿಲಿನಲ್ಲಿ ಟಚ್‌ಪ್ಯಾಡ್ ಒತ್ತಿದರೆ ಕ್ಲಿಕ್ ಆಗುವುದು ನಿಂತಿತು. ಧೂಳಿರಬೇಕು ಅಂದುಕೊಂಡು ಮೌಸ್ ಹಾಕಿಕೊಂಡೆ. ಜುಲೈ ಹೊತ್ತಿಗೆ ಮೇಜಿನ ಮೇಲೆ ಇಟ್ಟರೆ ಒಂದು ಕಡೆ ಅಲುಗಾಡುತ್ತಿತ್ತು. ಆ ವಾರ ನೆನಪಿದೆ. ಜುಲೈ 18ರಿಂದ ಪ್ಯಾಕ್ ಮಾಡಿ ಲೇಬಲ್ ಹಚ್ಚಿದ ಅಕ್ಕಿ, ಹಿಟ್ಟು, ಮೊಸರಿಗೆಲ್ಲ 5% ಜಿಎಸ್‌ಟಿ ಬಂದಿತ್ತು. ನನ್ನ ಕಿರಾಣಿ ಅಂಗಡಿಯವರೆಲ್ಲ ಬೆಳಿಗ್ಗೆಯಿಂದ ರಾತ್ರಿವರೆಗೂ ಫೋನ್ ಮಾಡುತ್ತಿದ್ದರು. 20ನೇ ತಾರೀಖು ತಿಂಗಳ ಜಿಎಸ್‌ಟಿ ರಿಟರ್ನಿಗೆ, ಅಂದರೆ ಜಿಎಸ್‌ಟಿಆರ್-3ಬಿಗೆ, ಕೊನೆ ದಿನ. ಮಧ್ಯಾಹ್ನ ಕರೆಂಟ್ ಹೋಯಿತು. ಅದರ ಜೊತೆಗೇ ಲ್ಯಾಪ್‌ಟಾಪೂ ಆಫ್ ಆಯಿತು, ಮತ್ತೆ ಏಳಲಿಲ್ಲ.

ರಿಪೇರಿಯ ಹುಡುಗ ಕೆಳಗಿನ ಸ್ಕ್ರೂ ಬಿಚ್ಚಿದ. ಬ್ಯಾಟರಿ ಹೆಂಚಿನ ಮೇಲಿನ ರೊಟ್ಟಿಯ ಹಾಗೆ ಉಬ್ಬಿತ್ತು. ಅದೇ ಕೆಳಗಿನಿಂದ ಟಚ್‌ಪ್ಯಾಡನ್ನು ಎತ್ತುತ್ತಿತ್ತು. "ಅಕ್ಕಾರ, ಇದನ್ನ ಒತ್ತಬ್ಯಾಡ್ರಿ, ಚುಚ್ಚಬ್ಯಾಡ್ರಿ, ಬೆಂಕಿ ಹತ್ತತೈತಿ" ಅಂತ ನಿಧಾನಕ್ಕೆ ತೆಗೆದು ಹೊರಗೆ ಕಟ್ಟೆಯ ಮೇಲಿಟ್ಟ. ಆಮೇಲೆ ಮುಚ್ಚಳದ ಸ್ಟಿಕರ್ ಸುಲಿದ. ಅದರಡಿ ಹಿಂಜ್, ಅಂದರೆ ಮುಚ್ಚಳದ ಕೀಲಿನ ಪಕ್ಕದಿಂದ ಉದ್ದಕ್ಕೆ ಬಿರುಕು ಬಿಟ್ಟಿತ್ತು. ಅದಕ್ಕೆ ಗಮ್ ಹಚ್ಚಿ ಸ್ಟಿಕರ್ ಮುಚ್ಚಿದ್ದರು. ಆ ರಾತ್ರಿ ಗೆಳತಿಯ ಮನೆಯ ಕಂಪ್ಯೂಟರಿನಲ್ಲಿ ಕೂತು ರಿಟರ್ನ್ ಮುಗಿಸಿದೆ. ಲ್ಯಾಪ್‌ಟಾಪ್ ಮಾರಿದ ಅಂಗಡಿಯವರು ಫೋನ್ ಎತ್ತಲಿಲ್ಲ.

ಮುಂದಿನ ಭಾನುವಾರ ಇಳಕಲ್ಲಿಗೆ ಹೋದೆ. ನನ್ನ ತವರು ಅದು. ಅಪ್ಪ ನೇಕಾರ, ಇವತ್ತಿಗೂ ಕುಣಿಮಗ್ಗದಲ್ಲಿ ಕೂರುತ್ತಾರೆ. ನಡೆದದ್ದನ್ನೆಲ್ಲ ಹೇಳಿಕೊಂಡು ಅತ್ತುಬಿಟ್ಟೆ. ಅಪ್ಪ ಲಾಳಿ ಪಕ್ಕಕ್ಕಿಟ್ಟು ಕೇಳಿದರು. "ತಪ್ಪು ಎಲ್ಲರಲ್ಲೂ ಇರತೈತವ್ವಾ. ಕಾಣೂ ತಪ್ಪು ಬ್ಯಾರೆ, ಹರಿಯೂ ತಪ್ಪು ಬ್ಯಾರೆ. ಅಂವ ಹರಿಯೂ ತಪ್ಪನ್ನ ಕಾಣದಂಗ ಮುಚ್ಚಿ ಕೊಟ್ಟಾನ."

ಈ ಮಾತು ಅರ್ಥವಾಗಬೇಕಾದರೆ ಇಳಕಲ್ ಸೀರೆ ಹೇಗೆ ಆಗುತ್ತದೆ ಅಂತ ಸ್ವಲ್ಪ ಹೇಳಬೇಕು. ಹಾಸು ಅಂದರೆ ಮಗ್ಗದ ಮೇಲೆ ಉದ್ದಕ್ಕೆ ಎಳೆದು ಕಟ್ಟುವ ಎಳೆಗಳು. ಒಡಲಿನ ಹಾಸು ಬೇರೆ, ಸೆರಗಿನ ಹಾಸು ಬೇರೆ. ಮಗ್ಗದ ಮೇಲೆ ಒಡಲಿನ ಎಳೆಗೂ ಸೆರಗಿನ ಎಳೆಗೂ ಕೊಂಡಿ ಹಾಕಿ ಜೋಡಿಸುತ್ತಾರೆ. ಒಡಲಲ್ಲಿ ಎಲ್ಲೋ ಒಂದು ಎಳೆ ತಪ್ಪಿದರೆ ಗೆರೆಯ ಹಾಗೆ ಕಾಣುತ್ತದೆ, ಅಷ್ಟೇ. ಅದು ನೆರಿಗೆಯೊಳಗೆ ಹೋದರೆ ಉಟ್ಟವರಿಗೂ ನೆನಪಿರುವುದಿಲ್ಲ. ಕೊಂಡಿ ಸರಿಯಾಗಿ ಕೂತಿಲ್ಲದಿದ್ದರೆ ಹಾಗಲ್ಲ. ಹೊಸದರಲ್ಲಿ ಏನೂ ಗೊತ್ತಾಗುವುದಿಲ್ಲ. ನಾಲ್ಕು ಸಲ ಒಗೆದ ಮೇಲೆ ಅಲ್ಲೇ ಬಿಡುತ್ತದೆ. ಅಪ್ಪ ಎಳೆ ತಪ್ಪಿದ ಸೀರೆಗೆ ದಡಿಯ ಅಂಚಿನಲ್ಲಿ, ತಪ್ಪಿನ ನೇರಕ್ಕೆ, ಒಂದು ಬಿಳಿ ದಾರ ಕಟ್ಟುತ್ತಾರೆ. ತಗೊಳ್ಳುವವರಿಗೆ ಅದನ್ನು ಬಿಚ್ಚಿ ತೋರಿಸಿ, ಬೆಲೆ ಇಳಿಸಿ ಕೊಡುತ್ತಾರೆ. ಕೊಂಡಿ ತಪ್ಪಿದ್ದನ್ನು ಮಾರುವುದೇ ಇಲ್ಲ.

ದೊಡ್ಡಪ್ಪನ ಮಗ, ನಮ್ಮ ಅಣ್ಣ, ಅಮೆರಿಕದ ಟೆಕ್ಸಸ್‌ನಲ್ಲಿದ್ದಾನೆ. ಅವನಿಗೆ ಈ ಬಿಳಿ ದಾರದ ಕತೆ ಗೊತ್ತು, ಅದೇ ಓಣಿಯಲ್ಲಿ ಬೆಳೆದವನು. ಫೋನಿನಲ್ಲಿ ನನ್ನ ಗೋಳು ಕೇಳಿ, "ತಂಗಿ, ಇಲ್ಲಿ ಕಂಪನಿಯವರೇ ದಾರ ಕಟ್ಟಿ ಮಾರ್ತಾರ ನೋಡು" ಅಂದ. ಅವನು ಹೇಳಿದ್ದು ಡೆಲ್ ಔಟ್‌ಲೆಟ್ ಬಗ್ಗೆ, ಅಂದರೆ ಲ್ಯಾಪ್‌ಟಾಪ್ ಮಾಡುವ ಡೆಲ್ ಕಂಪನಿ ವಾಪಸ್ ಬಂದದ್ದನ್ನು ತಾನೇ ಮಾರುವ ಕಡೆ. ಡೆಲ್‌ನ ಮುಖ್ಯ ಕಚೇರಿ ಇರುವುದೂ ಟೆಕ್ಸಸ್‌ನ ರೌಂಡ್ ರಾಕ್‌ನಲ್ಲೇ.

ಅದು ಹೇಗೆ ನಡೆಯುತ್ತದೆ ಅಂದರೆ, ಯಾರೋ ಆರ್ಡರ್ ಮಾಡಿ ಕೊನೆಗೆ ಬೇಡ ಅನ್ನುತ್ತಾರೆ. ಯಾರೋ ನಾಲ್ಕು ದಿನ ಬಳಸಿ ವಾಪಸ್ ಕಳಿಸುತ್ತಾರೆ. ಸಾಗಣೆಯಲ್ಲಿ ಬಾಕ್ಸಿಗೆ ಪೆಟ್ಟು ಬೀಳುತ್ತದೆ. ಒಮ್ಮೆ ಬಿಚ್ಚಿದ ಮೇಲೆ ಅದನ್ನು ಹೊಸದು ಅಂತ ಮಾರುವ ಹಾಗಿಲ್ಲ. ಕಂಪನಿಯೇ ವಾಪಸ್ ತಗೊಂಡು, ಪರೀಕ್ಷೆ ಮಾಡಿ, ಕೆಟ್ಟದ್ದನ್ನು ಬದಲಿಸಿ, ಔಟ್‌ಲೆಟ್‌ಗೆ ಹಾಕುತ್ತದೆ. ನೋಡಲು ಚೆನ್ನಾಗಿರುವುದು ಸರ್ಟಿಫೈಡ್ ರಿಫರ್ಬಿಶ್ಡ್. ಕೆಲಸಕ್ಕೆ ಸರಿಯಿದ್ದು ಮೈಮೇಲೆ ಗುರುತು ಉಳಿದದ್ದಕ್ಕೆ ಬೇರೆಯೇ ಹೆಸರು, ಸ್ಕ್ರ್ಯಾಚ್ ಆ್ಯಂಡ್ ಡೆಂಟ್, ಅಂದರೆ ಗೀರು ಮತ್ತು ತಗ್ಗು. ಅದರ ಬೆಲೆ ಇನ್ನೂ ಕಡಿಮೆ. ಆಪಲ್ ಕಂಪನಿಯೂ ಅಮೆರಿಕದಲ್ಲಿ ರಿಫರ್ಬಿಶ್ಡ್ ಮ್ಯಾಕ್‌ಗಳನ್ನು ತಾನೇ ಮಾರುತ್ತದೆ, ಒಂದು ವರ್ಷದ ವಾರಂಟಿ ಕೊಟ್ಟು.

ಔಟ್‌ಲೆಟ್‌ನಲ್ಲಿ ನಮಗೆ ಬೇಕಾದ ಹಾಗೆ ಆರಿಸಿ ಮಾಡಿಸಿಕೊಳ್ಳುವುದು ಇಲ್ಲ. ಇದ್ದದ್ದರಲ್ಲಿ ಆರಿಸಬೇಕು. ಬೆಳಿಗ್ಗೆ ಕಂಡದ್ದು ಸಂಜೆಗೆ ಇರುವುದಿಲ್ಲ. ಗೀರು ಎಲ್ಲಿದೆ ಅನ್ನುವ ಫೋಟೋ ಕೂಡ ಇರುವುದಿಲ್ಲ, ಕೈಗೆ ಬಂದ ಮೇಲೇ ಗೊತ್ತಾಗುವುದು. ಇದೊಂದು ನನಗೆ ಇಷ್ಟವಾಗಲಿಲ್ಲ. ದಾರ ಕಟ್ಟಿದ ಜಾಗ ತೋರಿಸಿದ್ದರೆ ಇನ್ನೂ ಚೆನ್ನಾಗಿರುತ್ತಿತ್ತು, ಅಲ್ವಾ?

ಅಣ್ಣ ಎರಡು ವಾರ ಕಾದು ಸ್ಕ್ರ್ಯಾಚ್ ಆ್ಯಂಡ್ ಡೆಂಟ್‌ನಲ್ಲಿ ಲ್ಯಾಟಿಟ್ಯೂಡ್ 5420 ಅನ್ನುವ ಡೆಲ್ ಮಾಡೆಲ್ ಒಂದನ್ನು ಹಿಡಿದ. 14 ಇಂಚು, 11ನೇ ತಲೆಮಾರಿನ ಇಂಟೆಲ್ ಐ5 ಪ್ರೊಸೆಸರ್, 8 ಜಿಬಿ ರ‍್ಯಾಮ್. 560 ಡಾಲರ್, ಅದರ ಮೇಲೆ ಅಲ್ಲಿನ 8.25% ಮಾರಾಟ ತೆರಿಗೆ. ಒಟ್ಟು 606 ಡಾಲರ್. ಆಗಿನ ದರ 82 ರೂಪಾಯಿಯಂತೆ 50,000ಕ್ಕೆ ಸ್ವಲ್ಪ ಕಡಿಮೆ. ಅದೇ ತರಹದ ಹೊಸದಕ್ಕೆ ಇಲ್ಲಿ ನನಗೆ ಸಿಕ್ಕ ಕೊಟೇಶನ್ 78,000 ಇತ್ತು.

2022ರ ಡಿಸೆಂಬರಿನಲ್ಲಿ ಅಣ್ಣ, ವೈನಿ (ಅತ್ತಿಗೆ) ಇಬ್ಬರೂ ಬಂದರು. 18 ವರ್ಷ ದಾಟಿದ ಪ್ರಯಾಣಿಕರು ತಲಾ ಒಂದು ಲ್ಯಾಪ್‌ಟಾಪನ್ನು ಕಸ್ಟಮ್ಸ್ ಸುಂಕವಿಲ್ಲದೆ ತರಬಹುದು. ಅಣ್ಣನ ಕೈಯಲ್ಲಿ ಅವನದು, ವೈನಿ ಕೈಯಲ್ಲಿ ನನ್ನದು. ವಾಪಸ್ ಹೋಗುವಾಗ ಅದೇ ಬ್ಯಾಗಿನ ಜಾಗಕ್ಕೆ ಅಮೀನಗಡದ ಕರದಂಟು ಹೋಯಿತು.

ಈ ಸಲ ನಾನು ಸುಮ್ನೆ ಖುಷಿಪಡಲಿಲ್ಲ. ನೋಡುವುದನ್ನೆಲ್ಲ ನೋಡಿದೆ. ಕಮಾಂಡ್ ಪ್ರಾಂಪ್ಟ್ ತೆರೆದು ಪವರ್‌ಸಿಎಫ್‌ಜಿ ಅಂತ ಬರೆದು, ಜಾಗ ಬಿಟ್ಟು, ಓರೆಗೆರೆ ಹಾಕಿ ಬ್ಯಾಟರಿರಿಪೋರ್ಟ್ ಅಂತ ಸೇರಿಸಿದರೆ (powercfg /batteryreport) ವಿಂಡೋಸ್ ಒಂದು ವರದಿ ಕೊಡುತ್ತದೆ. ಅದರಲ್ಲಿ ಎರಡು ಸಂಖ್ಯೆ ಮುಖ್ಯ. ಡಿಸೈನ್ ಕೆಪ್ಯಾಸಿಟಿ, ಅಂದರೆ ಹುಟ್ಟಿದಾಗಿನ ಶಕ್ತಿ. ಫುಲ್ ಚಾರ್ಜ್ ಕೆಪ್ಯಾಸಿಟಿ, ಅಂದರೆ ಈಗ ಉಳಿದಿರುವುದು. ನನ್ನದು 63,000ಕ್ಕೆ 61,000 ತೋರಿಸಿತು. ಹಳೆಯದಕ್ಕೆ ಮೊದಲೇ ಇದನ್ನು ಮಾಡಿದ್ದರೆ 24,000 ರೂಪಾಯಿ ಉಳಿಯುತ್ತಿತ್ತು. ಆಮೇಲೆ ಆನ್ ಆಗುವಾಗ ಎಫ್12 ಒತ್ತಿ ಡಯಾಗ್ನೋಸ್ಟಿಕ್ಸ್, ಅಂದರೆ ಲ್ಯಾಪ್‌ಟಾಪ್ ತನ್ನನ್ನೇ ಪರೀಕ್ಷೆ ಮಾಡಿಕೊಳ್ಳುವುದನ್ನು, ಓಡಿಸಿದೆ. ಮುಚ್ಚಳವನ್ನು ಹತ್ತು ಸಲ ನಿಧಾನಕ್ಕೆ ತೆರೆದು ಮುಚ್ಚಿ ಹಿಂಜ್ ಹತ್ತಿರ ಕಿವಿ ಇಟ್ಟೆ. ಕಟಕಟ ಸದ್ದಿಲ್ಲ. ಗೀರು ಹಿಂಜಿನಿಂದ ದೂರ, ಮೇಲಿನ ಮೂಲೆಯಲ್ಲಿತ್ತು. ಅಪ್ಪ ಬಂದಾಗ ಹೆಬ್ಬೆರಳಿನಿಂದ ಅದನ್ನು ಸವರಿ ನೋಡಿ, "ಇದು ನೆರಿಗಿ ಒಳಗಿಂದು" ಅಂದರು.

ಸಣ್ಣಪುಟ್ಟ ತೊಂದರೆ ಇದ್ದವು. ಪ್ಲಗ್ ಅಮೆರಿಕದ್ದು. ಅಡಾಪ್ಟರ್ 100ರಿಂದ 240 ವೋಲ್ಟ್‌ವರೆಗೆ ತಡೆಯುತ್ತದೆ, ಹಾಗಾಗಿ ವೈರ್ ಮಾತ್ರ ಬದಲಿಸಿದೆ. ಕೀಬೋರ್ಡಿನಲ್ಲಿ ರೂಪಾಯಿ ಚಿಹ್ನೆ ಇಲ್ಲ. ವಿಂಡೋಸ್‌ನಲ್ಲಿ ಇಂಗ್ಲಿಷ್ ಇಂಡಿಯಾ ಕೀಬೋರ್ಡ್ ಸೇರಿಸಿ ಬಲಗಡೆಯ ಆಲ್ಟ್ ಜೊತೆ 4 ಒತ್ತಿದರೆ ಬರುತ್ತದೆ. ನಂಬರ್ ಪ್ಯಾಡ್ ಇಲ್ಲದೆ ಟ್ಯಾಲಿ ಎಂಟ್ರಿ ನನ್ನಿಂದ ಆಗಲಿಲ್ಲ, ಯುಎಸ್‌ಬಿಯದೊಂದು ಬೇರೆ ತಗೊಂಡೆ. ಎರಡನೇ ರ‍್ಯಾಮ್ ಸ್ಲಾಟ್ ಖಾಲಿ ಇತ್ತು, ಅದಕ್ಕೊಂದು 8 ಜಿಬಿ ಹಾಕಿಸಿದೆ. ವಾರಂಟಿ ವಿಷಯ ಮಾತ್ರ ಹಗುರವಾಗಿ ತಗೊಳ್ಳಬೇಡಿ. ಅದು ಕೊಂಡ ದೇಶದ ಹೆಸರಿನಲ್ಲಿರುತ್ತದೆ. ಲ್ಯಾಪ್‌ಟಾಪ್ ಇನ್ನೊಂದು ದೇಶಕ್ಕೆ ಬಂದರೆ ಡೆಲ್ ವೆಬ್‌ಸೈಟಿನಲ್ಲಿ ಅರ್ಜಿ ತುಂಬಿ ಸರ್ವಿಸ್ ಟ್ಯಾಗನ್ನು, ಅಂದರೆ ಆ ಲ್ಯಾಪ್‌ಟಾಪಿನ ಗುರುತಿನ ನಂಬರನ್ನು, ಇಲ್ಲಿಗೆ ವರ್ಗಾಯಿಸಬೇಕು. ಅಣ್ಣ ಹೊರಡುವ ಮೊದಲೇ ಅದನ್ನು ತುಂಬಿದ್ದ.

ಎಲ್ಲರಿಗೂ ಟೆಕ್ಸಸ್‌ನಲ್ಲಿ ಅಣ್ಣ ಇರುವುದಿಲ್ಲ. ನಮ್ಮಲ್ಲಿ ಸಿಗುವ ಹೆಚ್ಚಿನವು ದೊಡ್ಡ ಕಂಪನಿಗಳು ಮೂರ್ನಾಲ್ಕು ವರ್ಷ ಬಳಸಿ ಬಿಟ್ಟ ಲ್ಯಾಪ್‌ಟಾಪ್‌ಗಳು. ಅದರಲ್ಲೇನೂ ತಪ್ಪಿಲ್ಲ, ಗಟ್ಟಿ ಸಾಮಾನೇ. ಆದರೆ ಮಾರುವವರು ದಾರ ಕಟ್ಟಿರುವುದಿಲ್ಲ. ನಾವೇ ಹುಡುಕಬೇಕು.

ಕಳೆದ ತಿಂಗಳು ನನ್ನ ಕಿರಾಣಿ ಅಂಗಡಿಯವರೊಬ್ಬರ ಮಗಳಿಗೆ ಹೀಗೇ ಒಂದು ನೋಡಿಕೊಟ್ಟೆ. ಇಂಜಿನಿಯರಿಂಗ್ ಮೊದಲ ವರ್ಷ ಅವಳದು. ಅವಳು ಮೊದಲು ಆರಿಸಿದ್ದು ತುಂಬಾ ಅಗ್ಗದ್ದು, ಆದರೆ 6ನೇ ತಲೆಮಾರಿನ ಪ್ರೊಸೆಸರ್. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ವಿಂಡೋಸ್ 11ಕ್ಕೆ ಇಂಟೆಲ್ ಆದರೆ 8ನೇ ತಲೆಮಾರು ಅಥವಾ ಅದರ ನಂತರದ್ದು ಬೇಕು. ನಾಲ್ಕು ವರ್ಷ ಓದುವ ಮಗುವಿಗೆ ಅದಕ್ಕಿಂತ ಹಳೆಯದು ಕೊಡಿಸುವುದು ನನಗೆ ಒಪ್ಪಿಗೆಯಾಗಲಿಲ್ಲ. 8ನೇ ತಲೆಮಾರಿನದು ಹುಡುಕಿದೆವು. ದುಡ್ಡು ಕೊಡುವ ಮೊದಲು ಸರ್ವಿಸ್ ಟ್ಯಾಗಿನ ಫೋಟೋ ತರಿಸಿದೆ. ಡೆಲ್‌ನದಾದರೆ ಏಳು ಅಕ್ಷರ, ಕೆಳಗಡೆ ಅಂಟಿಸಿರುತ್ತಾರೆ. ಅದನ್ನು ಕಂಪನಿಯ ವೆಬ್‌ಸೈಟಿನಲ್ಲಿ ಹಾಕಿದರೆ ಯಾವಾಗ ಹೊರಬಿದ್ದದ್ದು, ಮೊದಲಿಗೆ ಒಳಗೆ ಏನೇನಿತ್ತು ಎಲ್ಲ ಬರುತ್ತದೆ. ಬಯೋಸ್‌ಗೆ (ವಿಂಡೋಸ್‌ಗಿಂತ ಮೊದಲು ಓಡುವ ಒಳಗಿನ ಸೆಟ್ಟಿಂಗ್) ಪಾಸ್‌ವರ್ಡ್ ಇದೆಯಾ, ಕಂಪ್ಯೂಟ್ರೇಸ್ (ಕಳುವಾದರೆ ಪತ್ತೆ ಹಚ್ಚುವ, ಲಾಕ್ ಮಾಡುವ ವ್ಯವಸ್ಥೆ) ಆ್ಯಕ್ಟಿವೇಟ್ ಆಗಿದೆಯಾ ಅಂತ ತೋರಿಸಲು ಹೇಳಿದೆ. ವಿಂಡೋಸ್ ರಿಸೆಟ್ ಮಾಡಿ, ವೈಫೈ ಹಚ್ಚಿಯೇ ಸೆಟಪ್ ಮಾಡಿಸಿದೆ. ಹಳೆಯ ಕಂಪನಿ ತನ್ನ ಪಟ್ಟಿಯಿಂದ ಅದನ್ನು ತೆಗೆದಿರದಿದ್ದರೆ ಅಲ್ಲೇ ಆ ಕಂಪನಿಯ ಲಾಗಿನ್ ಬಂದು ನಿಲ್ಲುತ್ತದೆ. ನೆಟ್ ಇಲ್ಲದೆ ಸೆಟಪ್ ಮಾಡಿದರೆ ಇದು ಗೊತ್ತೇ ಆಗುವುದಿಲ್ಲ.

ಬ್ಯಾಟರಿ ವರದಿಯ ಫೋಟೋ ಕೇಳಿದಾಗ ಲ್ಯಾಪ್‌ಟಾಪ್ ಮಾರುವ ಅಂಗಡಿಯವರು ಸ್ವಲ್ಪ ಗೊಣಗಿದರು. ಆಮೇಲೆ ಕಳಿಸಿದರು. ಅರ್ಧಕ್ಕಿಂತ ಸ್ವಲ್ಪ ಜಾಸ್ತಿ ಉಳಿದಿತ್ತು. "ನೀವು ತೋರಿಸಿದ್ದು ಒಳ್ಳೇದಾತ್ರಿ. ಹೊಸ ಬ್ಯಾಟರಿ ಹಾಕಿ ಕೊಡ್ರಿ, ಇಲ್ಲಾ ಅದರ ರೊಕ್ಕ ಕಡಿಮಿ ಮಾಡ್ರಿ" ಅಂದೆ. 2,500 ರೂಪಾಯಿ ಇಳಿಸಿದರು.

ಬಿಲ್ಲಿನ ಬಗ್ಗೆಯೂ ಒಂದು ಮಾತು, ಇದು ನನ್ನ ಕೆಲಸದ ವಿಷಯ. ಹಳೆ ಸಾಮಾನು ಕೊಂಡು ಮಾರುವವರು ಜಿಎಸ್‌ಟಿ ನಿಯಮ 32(5)ರ ಮಾರ್ಜಿನ್ ಸ್ಕೀಮ್‌ನಲ್ಲಿ, ಕೊಂಡ ಬೆಲೆಗೂ ಮಾರಿದ ಬೆಲೆಗೂ ಇರುವ ವ್ಯತ್ಯಾಸದ ಮೇಲೆ ಮಾತ್ರ ತೆರಿಗೆ ಕಟ್ಟಬಹುದು. ಹಾಗಾಗಿ "ಬಿಲ್ ಬೇಕಂದ್ರ 18% ಜಾಸ್ತಿ ಆಗತೈತ್ರಿ" ಅಂತ ಯಾರಾದರೂ ಹೇಳಿದರೆ ಈ ಸ್ಕೀಮಿನ ಹೆಸರು ಹೇಳಿ ಕೇಳಿ. ಬಿಲ್ಲಿಲ್ಲದೆ ತರಬೇಡಿ. ವಾರಂಟಿ ಎಷ್ಟು ತಿಂಗಳು, ಬ್ಯಾಟರಿಗೆ ಇದೆಯಾ ಇಲ್ಲವಾ, ಅದರ ಮೇಲೇ ಬರೆಸಿ.

ಆ ಹುಡುಗಿ ಮೊನ್ನೆ ಲ್ಯಾಪ್‌ಟಾಪ್ ತಂದು ತೋರಿಸಿದಳು. ಸ್ಪೇಸ್‌ಬಾರ್ ಎಡಗಡೆ ಸವೆದು ಮಿನುಗುತ್ತಿದೆ. ಯಾರೋ ಎಡ ಹೆಬ್ಬೆರಳಿನಲ್ಲೇ ವರ್ಷಗಟ್ಟಲೆ ಟೈಪ್ ಮಾಡಿರಬೇಕು. ಅದಕ್ಕೆ ಸ್ಟಿಕರ್ ಹಚ್ಚಲಾ ಅಂತ ಕೇಳಿದಳು. ಬೇಡ ಅಂದೆ. ಬಿಲ್ ತೆಗೆಸಿ ಓದಿದೆ. ಸೀರಿಯಲ್ ನಂಬರ್ ಇತ್ತು, ಆರು ತಿಂಗಳು ಅಂತ ಪೆನ್ನಿನಲ್ಲಿ ಬರೆದು ಸಹಿ ಮಾಡಿದ್ದರು.