ಹಿಟ್ಟು ತಿಗಣೆಯ ಸ್ಲೈಡುಗಳು: ಸೊಲೆನೊಪ್ಸಿಸ್ಸೋ, ಸೊಲಾನಿಯೋ?

ಕೊನೆಗೂ ಸಾಕಣೆಯ ಡಬ್ಬಿಯಲ್ಲಿ ಹಿಟ್ಟು ತಿಗಣೆಯ (ಮೀಲಿಬಗ್, ಮೈಮೇಲೆ ಹಿಟ್ಟಿನಂಥ ಮೇಣ ಹೊದ್ದು ಗಿಡದ ರಸ ಹೀರುವ ಕೀಟ) ಗಂಡು ಕಾಣಿಸಿಕೊಂಡಿತು. ರಾಯಚೂರು ಸೀಮೆಯ ಹತ್ತಿ ಹೊಲದ ಬದುವಿನಲ್ಲಿ ಒಣಗುತ್ತಿದ್ದ ಪಾರ್ಥೇನಿಯಂ ಗಿಡಗಳಿಂದ ಬಿರುಬೇಸಿಗೆಯಲ್ಲಿ ತಂದ ಹಿಟ್ಟು ತಿಗಣೆಗಳನ್ನು ಮೊಳಕೆಯೊಡೆದ ಆಲೂಗಡ್ಡೆಯ ಮೇಲೆ ಬಿಟ್ಟಿದ್ದೆ; ಅವುಗಳ ನಡುವಿನ ಸಣ್ಣ ಬಿಳಿ ಗೂಡುಗಳಿಂದ ಒಂದೇ ಜೊತೆ ರೆಕ್ಕೆಯ ಗಂಡುಗಳು ಹೊರಬಂದಿವೆ. ಇವು ಫೆನಕೊಕ್ಕಸ್ ಕುಲದ ಸೊಲೆನೊಪ್ಸಿಸ್ ಪ್ರಭೇದವೋ ಸೊಲಾನಿ ಪ್ರಭೇದವೋ ಎಂಬ ಪ್ರಶ್ನೆ ಎದ್ದಿತ್ತು; ಅದಕ್ಕೆ ಉತ್ತರಿಸಲು ಈ ಗಂಡಿಗಾಗಿ ಇಷ್ಟು ಕಾದದ್ದೇಕೆ ಎಂಬುದನ್ನೇ ಇಲ್ಲಿ ಬರೆಯಬೇಕಾಗಿದೆ.

ಜೀವಂತವಾಗಿದ್ದಾಗ ಈ ತಿಗಣೆಯ ಗುರುತಿನಲ್ಲಿ ಅನುಮಾನವಿರಲಿಲ್ಲ. ಬೆನ್ನಿನ ಬಿಳಿ ಮೇಣದ ನಡುವೆ ಜೋಡಿಯಾಗಿ ಕಾಣುವ ಕಪ್ಪು ಮಚ್ಚೆಗಳು ಫೆನಕೊಕ್ಕಸ್ ಸೊಲೆನೊಪ್ಸಿಸ್‌ನವು. ಆದರೆ ಪೊಟ್ಯಾಶಿನಲ್ಲಿ ತಿಳಿಯಾಗಿಸಿ, ಆಸಿಡ್ ಫುಕ್ಸಿನ್ ಬಣ್ಣ ಹಚ್ಚಿ ಸ್ಲೈಡಿಗೇರಿಸಿದ ಮೇಲೆ ಅದೇ ಹುಳು ಬೇರೆ ಮಾತಾಡತೊಡಗಿತು. ಮೈಮೇಲೆ ಐದು ಕೋಶಗಳ ಮೇಣದ ರಂಧ್ರಗಳಿಲ್ಲದ್ದರಿಂದ ಅದೇ ಕುಲದ ಮಡೈರೆನ್ಸಿಸ್ ಪ್ರಭೇದ ಹೊರಗುಳಿಯಿತು. ಅಂಚಿನಲ್ಲಿ ಹದಿನೆಂಟು ಜೊತೆ ಸೆರಾರಿಗಳೂ (ಮುಳ್ಳು ಮತ್ತು ಮೇಣದ ರಂಧ್ರಗಳ ಗುಂಪುಗಳು) ಸರಿಯಾಗಿ ಸಿಕ್ಕವು. ತೊಡಕು ಹುಟ್ಟಿದ್ದು ಹೊಟ್ಟೆಯ ಅಡಿಭಾಗದ ಬಹುಕೋಶ ರಂಧ್ರಗಳಲ್ಲಿ, ಎಂದರೆ ಹಲವು ಕೋಶಗಳುಳ್ಳ ಮೇಣದ ರಂಧ್ರಗಳಲ್ಲಿ. ಸೊಲೆನೊಪ್ಸಿಸ್‌ನಲ್ಲಿ ಇವು ಹೆಚ್ಚು ಸಂಖ್ಯೆಯಲ್ಲಿ, ಹೆಚ್ಚು ಹರಡಿಕೊಂಡು ಇರಬೇಕು. ನನ್ನ ಸ್ಲೈಡುಗಳಲ್ಲಿ ಅವು ಜನನರಂಧ್ರದ ಸುತ್ತಮುತ್ತಲೇ ಜಿಪುಣತನದಿಂದ ನೆಲೆಸಿ ಫೆನಕೊಕ್ಕಸ್ ಸೊಲಾನಿಯತ್ತ ಬೊಟ್ಟು ಮಾಡುತ್ತಿದ್ದವು. ಬೆನ್ನು ಒಂದು ಹೆಸರು ಹೇಳಿದರೆ ಹೊಟ್ಟೆ ಇನ್ನೊಂದನ್ನು ಹೇಳುತ್ತಿತ್ತು.

ಈ ಎರಡು ಪ್ರಭೇದಗಳ ಜಗಳ ಹೊಸದಲ್ಲ. ಟಿನ್ಸ್‌ಲೆ 1898ರಲ್ಲಿ ಸೊಲೆನೊಪ್ಸಿಸ್ ಅನ್ನು ವರ್ಣಿಸಿದ್ದು ಅಮೆರಿಕದ ನ್ಯೂ ಮೆಕ್ಸಿಕೋದ ಮರುಭೂಮಿ ಸೀಮೆಯಲ್ಲಿ, ಸೊಲೆನೊಪ್ಸಿಸ್ ಜೆಮಿನೇಟಾ ಇರುವೆಯ ಗೂಡಿನಲ್ಲಿ ಸಿಕ್ಕ ಮಾದರಿಗಳಿಂದ. ಸೊಲಾನಿಗೆ ಫೆರಿಸ್ 1918ರಲ್ಲಿ ಹೆಸರಿಟ್ಟರು. ಸುಮಾರು 2005ರ ನಂತರ ಪಾಕಿಸ್ತಾನ ಮತ್ತು ಭಾರತದ ಹತ್ತಿ ಹೊಲಗಳಿಗೆ ಈ ಪಿಡುಗು ನುಗ್ಗಿದಾಗ ಅದನ್ನು ಗಾಸಿಪಿಫಿಲಸ್ ಎಂಬ ಹೊಸ ಪ್ರಭೇದವೆಂದೂ ಕರೆದದ್ದುಂಟು. ಹಾಡ್ಜ್‌ಸನ್ ಮತ್ತು ಸಂಗಡಿಗರು 2008ರಲ್ಲಿ ಅದು ಸೊಲೆನೊಪ್ಸಿಸ್ಸೇ ಎಂದು ತೋರಿಸಿದ್ದಲ್ಲದೆ, ಋತುವಿಗೆ ತಕ್ಕಂತೆ ಅದರ ರೂಪವೇ ಬದಲಾಗುವುದನ್ನೂ ಚರ್ಚಿಸಿದರು. ಸೊಲಾನಿಯ ಪಕ್ಕದಲ್ಲಿ ಬೇರೆ ಪ್ರಭೇದವಾಗಿ ನಿಂತಿದ್ದ ಡಿಫೆಕ್ಟಸ್ 2016ರಲ್ಲಿ ಸೊಲಾನಿಯಲ್ಲೇ ಸೇರಿಹೋಯಿತು. ಬೆಚ್ಚನೆಯ ವಾತಾವರಣದಲ್ಲಿ ಬೆಳೆದ ಹಿಟ್ಟು ತಿಗಣೆಗಳು ಗಾತ್ರದಲ್ಲಿ ಕುಗ್ಗಿ, ಅವುಗಳ ರಂಧ್ರಗಳೂ ಕಡಿಮೆಯಾಗುತ್ತವೆಂದು ಕಾಕ್ಸ್ 1983ರಲ್ಲೇ ಬೇರೆ ಹಿಟ್ಟು ತಿಗಣೆಗಳನ್ನು ಸಾಕಿ ತೋರಿಸಿದ್ದರು. ಹೀಗಿರುವಾಗ ಪ್ರಭೇದ ಗುರುತಿಸಲು ರಂಧ್ರಗಳ ಎಣಿಕೆಯನ್ನೇ ನಂಬಿದ ಕೀಲಿಯು (ಲಕ್ಷಣಗಳ ಪಟ್ಟಿಯು) ರಾಯಚೂರಿನ ಬೇಸಿಗೆಯನ್ನೂ ಎಣಿಸಿಬಿಡುತ್ತದೆ ಎಂಬುದು ನನ್ನ ಅಭಿಪ್ರಾಯ.

ಆದರೂ ಅಭಿಪ್ರಾಯದಿಂದ ಸ್ಲೈಡಿಗೆ ಚೀಟಿ ಅಂಟಿಸುವಂತಿಲ್ಲ. ಮತ್ತಷ್ಟು ಸ್ಲೈಡು ಮಾಡೋಣವೆಂದರೆ, ಸ್ಲೈಡಿಗೇರಿಸುವ ಮುನ್ನ ಹುಳುವನ್ನು ಅದ್ದುವ ಲವಂಗದ ಎಣ್ಣೆ ಕೈಕೊಟ್ಟಿತು. ಶುದ್ಧವೆಂದು ಮುದ್ರೆಯೊತ್ತಿ ಬಂದ ಶೀಶೆಯೊಳಗೆ ಇದ್ದುದು ಏನೆಂಬುದು ಕಳಿಸಿದವರಿಗೇ ಗೊತ್ತು. ಹುಳುವನ್ನು ಅದರಲ್ಲಿ ಇಳಿಸಿದೊಡನೆ ಹಾಲಿನಂತೆ ಬಿಳುಪೇರಿತು. ಕೇಳಿದರೆ, ಹಲ್ಲುನೋವಿಗೆ ಬಹಳ ಒಳ್ಳೆಯದು ಎಂಬ ಉತ್ತರ ಬಂತು. ನನ್ನ ತಿಗಣೆಗಳಿಗೆ ಹಲ್ಲಿಲ್ಲವೆಂದು ತಿಳಿಸಿ, ಹುಳುವನ್ನು ಸ್ಲೈಡಿಗೆ ಅಂಟಿಸುವ ಬಾಲ್ಸಂ ಅನ್ನು ಇನ್ನೊಬ್ಬರಿಂದ ತರಿಸಿಕೊಂಡೆ. ಅದು ಬರುವಷ್ಟರಲ್ಲಿ ಆಲೂಗಡ್ಡೆಯ ಮೇಲಿನ ಸಂತತಿ ಮುಂದಿನ ತಲೆಮಾರಿಗೆ ಬಂದಿತ್ತು.

ಗಂಡಿನ ಮಹತ್ವ ಇಲ್ಲಿದೆ. ಸೊಲಾನಿಯ ಹೆಣ್ಣುಗಳು ಗಂಡಿನ ಹಂಗಿಲ್ಲದೆ ಮರಿ ಹಾಕುತ್ತವೆ. ಸೊಲೆನೊಪ್ಸಿಸ್ ಸಂತತಿಯಲ್ಲಿ ಗಂಡುಗಳು ಸಾಮಾನ್ಯ. ಜೊತೆಗೆ, ತಂಪಾದ ಕೋಣೆಯಲ್ಲಿ ಬೆಳೆದ ಈ ತಲೆಮಾರಿನ ಹೆಣ್ಣುಗಳು ತಾಯಂದಿರಿಗಿಂತ ದಪ್ಪಗಿವೆ, ಮೊದಲ ಸ್ಲೈಡಿನಲ್ಲೇ ಬಹುಕೋಶ ರಂಧ್ರಗಳು ಧಾರಾಳವಾಗಿ ಹರಡಿಕೊಂಡಿವೆ. ಚೀಟಿಯ ಮೇಲೆ ಸೊಲೆನೊಪ್ಸಿಸ್ ಎಂದು ಬರೆದಾಯಿತು. ಬೇಸಿಗೆಯ ತಾಯಂದಿರನ್ನೂ ಅದೇ ಪೆಟ್ಟಿಗೆಯಲ್ಲಿ, ಆದರೆ ತಾಪಮಾನವನ್ನು ನಮೂದಿಸಿ, ಪಕ್ಕಪಕ್ಕದಲ್ಲಿ ಇಟ್ಟಿದ್ದೇನೆ.

ಈ ನಡುವೆ ಹೊಲದಿಂದ ಬಂದ ಕೆಲವು ತಿಗಣೆಗಳು ಕಂದು ಬಣ್ಣಕ್ಕೆ ತಿರುಗಿ ಚರ್ಮದಂತೆ ಗಟ್ಟಿಯಾಗಿವೆ. ಒಳಗಿರುವುದು ತಿಗಣೆಯ ಮೈಯೊಳಗೆ ಬೆಳೆದು ಅದನ್ನು ಕೊಲ್ಲುವ ಏನಾಸಿಯಸ್ ಎಂಬ ಪರತಂತ್ರ ಕಣಜವಿರಬೇಕು. ಅದರ ವರ್ಗೀಕರಣದ ಕತೆಯೂ ತಮಾಷೆಯದೇ: 2009ರಲ್ಲಿ ಹಯಾತ್ ಅವರು ಭಾರತದ ಮಾದರಿಗಳಿಗೆ ಬಂಬಾವಾಲೆಯಿ ಎಂದು ಹೆಸರಿಟ್ಟರು, ಆಮೇಲೆ ಅದು ಗಿರೋ 1915ರಲ್ಲಿ ವರ್ಣಿಸಿದ್ದ ಅರಿಝೋನೆನ್ಸಿಸ್ ಕಣಜವೇ ಎಂದು ಗೊತ್ತಾಯಿತು. ತಿಗಣೆ, ಕಣಜ, ಪಾರ್ಥೇನಿಯಂ ಮೂರೂ ಅಮೆರಿಕದಿಂದ ಬಂದು ನಮ್ಮ ಹತ್ತಿ ಹೊಲದ ಬದುವಿನಲ್ಲಿ ಒಟ್ಟುಗೂಡಿವೆ. ಗಟ್ಟಿಯಾದ ತಿಗಣೆಗಳನ್ನು ಒಂದೊಂದಾಗಿ ಜೆಲಟಿನ್ ಕ್ಯಾಪ್ಸೂಲುಗಳಲ್ಲಿ ಹಾಕಿಟ್ಟಿದ್ದೇನೆ. ಮುಂದಿನ ವರದಿ ಕಣಜದ ಕುಡಿಮೀಸೆಯನ್ನು ಕುರಿತದ್ದಾಗಿರುತ್ತದೆ, ಅಷ್ಟರೊಳಗೆ ನೀರಿಲ್ಲದ ಲವಂಗದ ಎಣ್ಣೆ ಸಿಕ್ಕಿದರೆ.