ಹೆಡಿ ಬಾಲ ಕೂಡ್ಯಾವೇನು?

"ಯಪ್ಪಾ, ಹೆಡಿ ಬಾಲ ಕೂಡ್ಯಾವೇನ್ರಿ?"

ಸೋಮವಾರದಿಂದ ಈ ಮಾತು ನನ್ನ ಕಿವಿ ಬಿಟ್ಟು ಹೋಗಿಲ್ಲ. ಕೇಳಿದವಳು ನಮ್ಮ ದೊಡ್ಡಮ್ಮ. ಕೇಳಿದ್ದು ರಾಯಚೂರಿನ ಒಬ್ಬ ಚರ್ಮದ ಡಾಕ್ಟರನ್ನು. ಅವರು ತಲೆ ಎತ್ತಲಿಲ್ಲ. "ಹರ್ಪಿಸ್ ಜೋಸ್ಟರ್" ಅಂದರು, ಚೀಟಿಯಲ್ಲೂ ಅದನ್ನೇ ಬರೆದರು. ದೊಡ್ಡಮ್ಮ ಇನ್ನೊಮ್ಮೆ ಕೇಳಲು ಬಾಯಿ ತೆರೆದಳು. ಅಷ್ಟರಲ್ಲಿ ಅವಳ ಮಗ, "ಸುಮ್ಮ ಕುಂದ್ರಬೇ, ಡಾಕ್ಟ್ರಿಗೆ ಎಲ್ಲಾ ಗೊತ್ತೈತಿ" ಅಂದ. ದೊಡ್ಡಮ್ಮ ಸೆರಗು ಹೊದ್ದುಕೊಂಡು ಎದ್ದಳು.

ನಮ್ಮ ಕಡೆ ಸರ್ಪಸುತ್ತು ಅಂದರೆ ಏನು ಭಯ ಅಂತ ಗೊತ್ತಲ್ವಾ. ಗುಳ್ಳೆಗಳ ಸಾಲು ಹಾವಿನ ಹಾಗೆ ಮೈ ಸುತ್ತುತ್ತದೆ, ಹೆಡೆ ಬಾಲ ಕೂಡಿದ ದಿನ ಜೀವ ಹೋಗುತ್ತದೆ ಅನ್ನುವ ಮಾತು. ಮಾನ್ವಿ ಹತ್ತಿರದ ಹಳ್ಳಿ ಅವಳದು. ಶನಿವಾರ ಮಧ್ಯಾಹ್ನ ಬೆನ್ನಿನ ಬಲಗಡೆ ಗುಳ್ಳೆ ಎದ್ದವು. ಪಕ್ಕದ ಮನೆಯಾಕೆ ಜಾಜು ಕಲಸಿ ಹಚ್ಚಿದಳು. ಭಾನುವಾರ ಗುಳ್ಳೆ ಪಕ್ಕೆಗೆ ಬಂದಾಗ ಕೈಯಿಂದ ಅಳೆದು, "ಇನ್ನ ಎರಡು ಗೇಣು ಉಳದೈತಿ" ಅಂದಳಂತೆ. ಆಕೆ ಕೆಟ್ಟವಳಲ್ಲ. ಎರಡು ರಾತ್ರಿ ದೊಡ್ಡಮ್ಮನ ಜೊತೆ ಕೂತು ಗಾಳಿ ಬೀಸಿದವಳು ಆಕೆಯೇ. ಆದರೆ ದೊಡ್ಡಮ್ಮ ನಿದ್ದೆಗೆಟ್ಟದ್ದು ಉರಿಗಿಂತ ಜಾಸ್ತಿ ಆ ಗೇಣಿನ ಲೆಕ್ಕಕ್ಕೆ.

ಡಾಕ್ಟರ್ ಕೊಟ್ಟ ಔಷಧಿಯಲ್ಲಿ ತಪ್ಪಿಲ್ಲ. ಅಸೈಕ್ಲೊವಿರ್ 800 ಮಿಲಿಗ್ರಾಂ, ದಿನಕ್ಕೆ 5 ಸಲ, 7 ದಿನ. ಗುಳ್ಳೆ ಎದ್ದ 72 ಗಂಟೆಯೊಳಗೆ ಶುರು ಮಾಡಿದರೆ ಚೆನ್ನಾಗಿ ಕೆಲಸ ಮಾಡುತ್ತದೆ. ನಾವು ಸರಿಯಾದ ಹೊತ್ತಿಗೇ ಹೋಗಿದ್ದೆವು. ಹೊರಗೆ ಜನ ತುಂಬಿದ್ದರು, ಅವರಿಗೂ ಅವಸರ ಇತ್ತು, ಒಪ್ಪುತ್ತೇನೆ. ಆದರೂ "ಇಲ್ಲವ್ವಾ, ಕೂಡಂಗಿಲ್ಲ" ಅನ್ನಲು ಎಷ್ಟು ಹೊತ್ತು ಬೇಕು?

ಅವಳ ಭಾಷೆಯಲ್ಲಿ ಮಾತಾಡಿದವನು ಔಷಧಿ ಅಂಗಡಿಯ ಹುಡುಗ. ಚೀಟಿ ನೋಡಿದವನೇ, "ಸರ್ಪಸುತ್ತೇನವ್ವಾ? ನೀರು ಜಾಸ್ತಿ ಕುಡಿ, ಕಡಿಮಿ ಆಗ್ತದ" ಅಂದ. ಅಷ್ಟಕ್ಕೇ ದೊಡ್ಡಮ್ಮನ ಮುಖ ಸಡಿಲವಾಯಿತು.

ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಡುವವಳು. ಅವತ್ತು ರಾತ್ರಿ ಅವಳ ಪಕ್ಕ ಕೂತು, "ಸಣ್ಣಾಕಿದ್ದಾಗ ನಿನಗ ಅಮ್ಮ ಬಂದಿತ್ತೇನು?" ಅಂತ ಕೇಳಿದೆ. ಹೂಂ ಅಂದಳು. ಅದೇ ಚಿಕನ್ ಪಾಕ್ಸ್ ವೈರಸ್ ಇದು. ಗುಳ್ಳೆ ಒಣಗಿದರೂ ಅದು ಮೈ ಬಿಟ್ಟು ಹೋಗುವುದಿಲ್ಲ. ಬೆನ್ನುಹುರಿಯ ಪಕ್ಕ ನರದ ಗಂಟಿನಲ್ಲಿ ಅಡಗಿರುತ್ತದೆ. ವಯಸ್ಸಾಗಿ ಮೈಯ ಕಸುವು ಇಳಿದಾಗ ಮತ್ತೆ ಎದ್ದು, ಆ ನರ ಹಿಡಿದು ಚರ್ಮಕ್ಕೆ ಬರುತ್ತದೆ. ದೊಡ್ಡಮ್ಮ ಬಹಳ ಹೊತ್ತು ಯೋಚಿಸಿದಳು. "ಅಂದ್ರ ಅಮ್ಮ ಹೋಗೇ ಇರ್ಲಿಲ್ಲೇನು? ಅರವತ್ತು ವರ್ಷ ನನ್ನೊಳಗ ಕುಂತಿದ್ಲೇನು?"

ಇಷ್ಟು ಚೆನ್ನಾಗಿ ನನ್ನ ಯಾವ ವಿದ್ಯಾರ್ಥಿಯೂ ಹೇಳಿಲ್ಲ.

ಆಮೇಲೆ ಅವಳ ಬೆರಳು ಹಿಡಿದು ಬೆನ್ನುಮೂಳೆಯಿಂದ ಪಕ್ಕೆಗೆ, ಪಕ್ಕೆಯಿಂದ ಎದೆಯ ನಡುವಿಗೆ, ಗುಳ್ಳೆಗೆ ತಾಗದ ಹಾಗೆ ಮೆಲ್ಲಗೆ ನಡೆಸಿದೆ. ಬಲಗಡೆಗೆ ಬೇರೆ ನರ, ಎಡಗಡೆಗೆ ಬೇರೆ ನರ. ಬಲದ್ದು ನಡುವಿಗೆ ಬಂದು ಮುಗಿಯುತ್ತದೆ. ಅದಕ್ಕೇ ಗುಳ್ಳೆ ಸಾಮಾನ್ಯವಾಗಿ ಆ ಗೆರೆ ದಾಟುವುದಿಲ್ಲ. ಎಡ ಪಕ್ಕೆ ಮುಟ್ಟಿಸಿದೆ. ಒಂದು ಗುಳ್ಳೆಯೂ ಇರಲಿಲ್ಲ. "ದಾರೀನ ಇಲ್ಲಂದ್ರ ಹಾವು ಹೆಂಗ ಬರತೈತಿ" ಅಂತ ಅವಳೇ ಅಂದಳು.

ಹರ್ಪಿಸ್ ಅನ್ನುವ ಹೆಸರು ಹುಟ್ಟಿದ್ದು ಗ್ರೀಕ್ ಮಾತಿನಿಂದ. ಅರ್ಥ ಹರಿದಾಡುವುದು. ಜೋಸ್ಟರ್ ಅಂದರೆ ಸೊಂಟದ ಪಟ್ಟಿ. ಹರಿದಾಡುತ್ತಾ ಸುತ್ತುವುದು! ಗ್ರೀಕರು ಕಂಡದ್ದನ್ನೇ ನಮ್ಮ ಹಿರಿಯರೂ ಕಂಡು ಸರ್ಪಸುತ್ತು ಅಂದಿದ್ದಾರೆ. ಡಾಕ್ಟರ್ ಬರೆದದ್ದೂ ದೊಡ್ಡಮ್ಮ ಕೇಳಿದ್ದೂ ಒಂದೇ ಹೆಸರು. ಇಬ್ಬರ ನಡುವೆ ಒಂದು ಮೇಜು ಇತ್ತು, ಅಷ್ಟೇ.

ಹುಳುಕಡ್ಡಿಯದೂ ಇದೇ ಕಥೆ. ಡಾಕ್ಟರು ಅದಕ್ಕೆ ಟೀನಿಯಾ ಅನ್ನುತ್ತಾರೆ. ಲ್ಯಾಟಿನ್‌ನಲ್ಲಿ ಅದೂ ಹುಳುವೇ. ಚರ್ಮದಲ್ಲಿ ಹುಳು ಇಲ್ಲ, ಇರುವುದು ಶಿಲೀಂಧ್ರ. ತಾಯಿಯನ್ನು ಸುಮ್ಮನಿರಿಸಿದ ನಮ್ಮ ಅಣ್ಣನ ಸೊಂಟದಲ್ಲಿ ಆರು ತಿಂಗಳಿಂದ ಹುಳುಕಡ್ಡಿ ಇದೆ. ನಮ್ಮ ಊರಿನ ಸೆಕೆ, ಬೆವರು, ಬಿಗಿ ಪ್ಯಾಂಟು, ಇನ್ನೇನಾಗಬೇಕು. ಡಾಕ್ಟರಿಗೆ ತೋರಿಸುವ ಬದಲು ಅಂಗಡಿಯಲ್ಲಿ ಸಿಕ್ಕ ಸ್ಟೆರಾಯ್ಡ್ ಬೆರೆತ ಟ್ಯೂಬ್ ಹಚ್ಚುತ್ತಾನೆ. ಎರಡು ದಿನ ಕೆರೆತ ನಿಲ್ಲುತ್ತದೆ, ಶಿಲೀಂಧ್ರ ಒಳಗೊಳಗೇ ಹರಡುತ್ತದೆ. ಎಲ್ಲಾ ಗೊತ್ತಿರುವ ಡಾಕ್ಟರನ್ನು ಅವನೂ ಒಂದು ಮಾತು ಕೇಳಬಹುದಿತ್ತು.

ನಮ್ಮ ಹೆಸರುಗಳೆಲ್ಲ ಒಳ್ಳೆಯವು ಅಂತ ನಾನು ಹೇಳುತ್ತಿಲ್ಲ. ಅದೇ ಆಸ್ಪತ್ರೆಯಲ್ಲಿ ಒಬ್ಬ ಹುಡುಗಿ ವೇಲಿನೊಳಗೆ ಕೈ ಬಚ್ಚಿಟ್ಟು ಕೂತಿದ್ದಳು. ಬೆರಳ ತುದಿ ಬೆಳ್ಳಗಾಗಿದ್ದವು. ಪಕ್ಕದಾಕೆ "ತೊನ್ನು" ಅಂತ ಪಿಸುಗುಟ್ಟಿ ಜರುಗಿ ಕೂತಳು. ತೊನ್ನು ಅಂದರೆ ಕುಷ್ಠ ಅಂತಲೇ ತಿಳಿದವರು ಇನ್ನೂ ಇದ್ದಾರೆ. ತೊನ್ನು ಅಂಟುವುದಿಲ್ಲ. ಚರ್ಮಕ್ಕೆ ಬಣ್ಣ ಕೊಡುವ ಜೀವಕೋಶಗಳು ಸತ್ತಿರುತ್ತವೆ, ಅಷ್ಟೇ. ಕುಷ್ಠದ ಮಚ್ಚೆಯಲ್ಲಿ ಸಾಮಾನ್ಯವಾಗಿ ಸ್ಪರ್ಶ ತಿಳಿಯುವುದಿಲ್ಲ, ಇದರಲ್ಲಿ ತಿಳಿಯುತ್ತದೆ. ಕುಷ್ಠಕ್ಕೂ ಔಷಧಿ ಇದೆ, ಸರ್ಕಾರ ಪುಕ್ಕಟೆ ಕೊಡುತ್ತದೆ. ಆ ಹುಡುಗಿಗೆ ವಿಟಿಲಿಗೋ ಅನ್ನುವ ಪರದೇಶಿ ಹೆಸರೇ ಇರಲಿ ಅನ್ನಿಸಿತು. ಪಕ್ಕದಾಕೆಗೆ ನಾನೇ ಹೇಳಬೇಕಿತ್ತು. ಹೇಳಲಿಲ್ಲ. ಅದು ಈಗಲೂ ಚುಚ್ಚುತ್ತಿದೆ.

ಇನ್ನೊಂದು ಮಾತನ್ನೂ ಯಾರೂ ಹೇಳಿರಲಿಲ್ಲ. ಗುಳ್ಳೆಯ ನೀರು ತಾಗಿದರೆ, ಮುಂಚೆ ಚಿಕನ್ ಪಾಕ್ಸ್ ಬಾರದವರಿಗೆ ಅದು ಬರಬಹುದು. ಅತ್ತಿಗೆಗೆ ಈಗ ಏಳು ತಿಂಗಳು. ಅವರಿಗೆ ಬಂದಿತ್ತೋ ಇಲ್ಲವೋ ನೆನಪಿಲ್ಲವಂತೆ. ಬಸುರಿಗೆ ಬಂದರೆ ಅಪಾಯ. ಹಾಗಾಗಿ ಗುಳ್ಳೆ ಒಣಗಿ ಹಕ್ಕಳೆ ಕಟ್ಟುವವರೆಗೆ ದೊಡ್ಡಮ್ಮ ನಮ್ಮ ಮನೆಯಲ್ಲೇ.

ಇವತ್ತು ಶುಕ್ರವಾರ. ಬೆಳಿಗ್ಗೆ ಪಕ್ಕದ ಮನೆಯಾಕೆ ಊರಿಂದ ಫೋನ್ ಮಾಡಿದ್ದಳು. ದೊಡ್ಡಮ್ಮ ಫೋನ್ ಕಿವಿಗೆ ಒತ್ತಿಕೊಂಡು ಜೋರಾಗಿ ಹೇಳುತ್ತಿದ್ದಳು: "ಇಲ್ಲಬೇ, ಕೂಡಂಗಿಲ್ಲದು. ನಡುವ ನಿಂತೈತಿ. ನರಾನ ಅಲ್ಲಿಗೆ ಮುಗೀತೈತಂತ."

ಉರಿ ಇನ್ನೂ ಇದೆ. ಎರಡು ದಿನದ ಗುಳಿಗೆ ಉಳಿದಿವೆ.