ಸೆಪ್ಟೆಂಬರ್ 20ರವರೆಗೆ ಕಾದ ಗಾಯ

ಕ್ಯಾಲಿಫೋರ್ನಿಯಾದ ಮಡೇರಾ ಕೌಂಟಿಯಲ್ಲಿ ಒಣದ್ರಾಕ್ಷಿ ಮಾಡುವ ರೀತಿ ವಿಜಯಪುರ ಜಿಲ್ಲೆಯ ನಮ್ಮ ತಿಕೋಟಾದ ರೀತಿಗಿಂತ ಬೇರೆ. ನಮ್ಮಲ್ಲಿ ಗೊನೆಗಳನ್ನು ದ್ರಾವಣದಲ್ಲಿ ಅದ್ದಿ, ಶೆಡ್ಡಿನ ನೆರಳಿನಲ್ಲಿ ಬಲೆಯ ಮೇಲೆ ಹರಡುತ್ತಾರೆ. ಇಲ್ಲಿ ಗೊನೆ ಕತ್ತರಿಸಿ, ಸಾಲುಗಳ ನಡುವೆ ನೆಲಕ್ಕೆ ಕಾಗದ ಹಾಸಿ, ಬಿಸಿಲಿಗೆ ಬಿಟ್ಟುಬಿಡುತ್ತಾರೆ. ಅಕಾಲದ ಮಳೆ ಬಿದ್ದರೆ ತೋಟದ ಮಾಲೀಕನಿಗೆ ಬೆಳೆ ವಿಮೆಯ ಪರಿಹಾರ ಸಿಗಬೇಕಾದರೆ ಸೆಪ್ಟೆಂಬರ್ 20ರೊಳಗೆ ಹಣ್ಣು ಕಾಗದದ ಮೇಲೆ ಬಿದ್ದಿರಬೇಕು. ಆದ್ದರಿಂದ ಆಗಸ್ಟ್ ಕೊನೆಯಿಂದ ಆ ತಾರೀಖಿನವರೆಗೆ ಕೂಲಿಯವರು ಯಾರೂ ರಜೆಯ ಮಾತೆತ್ತುವುದಿಲ್ಲ. ನಾನು ಹೇಳಹೊರಟಿರುವ ಮನುಷ್ಯ ಅಂಗಾಲಿನಲ್ಲಿ ಹುಣ್ಣು ಇಟ್ಟುಕೊಂಡು ಹದಿನೆಂಟು ದಿನ ಗೊನೆ ಕತ್ತರಿಸಿದ್ದು ಈ ಕಾರಣಕ್ಕೆ.

ಅವರ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಮೆಕ್ಸಿಕೋದ ಓಹಾಕಾ ರಾಜ್ಯದವರು, ಆಗ ನಲವತ್ತಾರು ವರ್ಷ, ಕಾಗದಪತ್ರವಿಲ್ಲದೆ ಗಡಿ ದಾಟಿ ಬಂದು ಎರಡು ದಶಕವಾಗಿತ್ತು. ಮನೆಮಾತು ಮಿಶ್ಟೆಕ್, ಆ ಜನ ತಮ್ಮನ್ನು ‘ಮಳೆಯ ಜನ’ ಎಂದು ಕರೆದುಕೊಳ್ಳುತ್ತಾರೆ, ಬೇಸಿಗೆಯುದ್ದಕ್ಕೂ ಹನಿ ಮಳೆಯಿಲ್ಲದ ಈ ಬಯಲಿಗೆ ಬಂದು ದುಡಿಯುತ್ತಾರೆ. ನಾನು ಮಣ್ಣು ಪರೀಕ್ಷೆಯ ಪ್ರಯೋಗಾಲಯದಲ್ಲಿ ಕೆಲಸ ಮಾಡುವವನು. ಮಾದರಿ ತೆಗೆಯಲು ತೋಟಗಳಿಗೆ ಹೋಗಿ ಬರುವಾಗ, ನಾನೂ ದ್ರಾಕ್ಷಿ ಬೆಳೆಯುವವರ ಮನೆಯ ಮಗ ಎಂದು ತಿಳಿದು ಅವರಿಗೆ ಸಲಿಗೆ ಬೆಳೆದಿತ್ತು. ನನ್ನ ಹರಕುಮುರುಕು ಸ್ಪ್ಯಾನಿಷ್ ಮತ್ತು ಅವರ ಅಷ್ಟೇ ಹರಕು ಸ್ಪ್ಯಾನಿಷ್‌ನಲ್ಲಿ ನಾವು ಬಳ್ಳಿ, ಗೊನೆ, ಊರು ಎಂದು ಮಾತನಾಡುತ್ತಿದ್ದೆವು.

ಆ ವರ್ಷ, ಅಂದರೆ 2023ರಲ್ಲಿ, ಅವರು ಕುಂಟುವುದನ್ನು ನೋಡಿ ಡಾಕ್ಟರರಿಗೆ ತೋರಿಸಿ ಎಂದು ಹೇಳಿದವನು ನಾನೇ. ಬಡವರಿಗೆಂದು ಕ್ಲಿನಿಕ್ಕುಗಳಿವೆ, ಹಣ ಹೆಚ್ಚು ಕೇಳುವುದಿಲ್ಲ, ಹೋಗುವುದಷ್ಟೇ ಬಾಕಿ ಎಂಬುದು ನನ್ನ ತಿಳಿವಳಿಕೆಯಾಗಿತ್ತು. ಅದು ಸುಳ್ಳಲ್ಲ. 1962ರಲ್ಲಿ ಅಧ್ಯಕ್ಷ ಕೆನಡಿ ಸಹಿ ಮಾಡಿದ ವಲಸೆ ಕಾರ್ಮಿಕರ ಆರೋಗ್ಯ ಕಾಯಿದೆಯಿಂದ ಮೊದಲ್ಗೊಂಡು ಇಂಥ ಕ್ಲಿನಿಕ್ಕುಗಳು ನಡೆಯುತ್ತಿವೆ. ಆದಾಯ ನೋಡಿ ಶುಲ್ಕ ಇಳಿಸುತ್ತವೆ, ವಲಸೆಯ ಕಾಗದ ಕೇಳುವುದಿಲ್ಲ. ‘ಹೋಗುವುದಷ್ಟೇ’ ಎಂದು ನಾನು ಹಗುರವಾಗಿ ಅಂದದ್ದರೊಳಗೆ ಏನೇನಿದೆ ಎಂಬುದು ಮಾತ್ರ ಸೆಪ್ಟೆಂಬರ್ 21ರ ಬೆಳಿಗ್ಗೆಯವರೆಗೆ ನನಗೆ ಗೊತ್ತಿರಲಿಲ್ಲ.

ಅವರ ಬಳಿ ಕಾರಿಲ್ಲ. ತೋಟಕ್ಕೆ ಕರೆದೊಯ್ಯುವುದು ‘ರೈಟೆರೊ’, ಅಂದರೆ ದಿನಕ್ಕಿಷ್ಟು ಎಂದು ಹಣ ಪಡೆದು ವ್ಯಾನಿನಲ್ಲಿ ಜನರನ್ನು ಸಾಗಿಸುವವನು. ಅವನ ದಾರಿ ತೋಟದ ದಾರಿ, ಕ್ಲಿನಿಕ್ಕಿನದಲ್ಲ. ಬಸ್ಸು ಇಲ್ಲ. ನಾನು ರಜೆ ಹಾಕಿ ಕಾರು ತೆಗೆದೆ. ನನ್ನ ರಜೆಗೆ ಸಂಬಳ ಬರುತ್ತದೆ. ಅವರಿಗೆ ಆ ದಿನ ಹೋದರೆ ಹೋಯಿತು. ಆಗ ಕ್ಯಾಲಿಫೋರ್ನಿಯಾದ ಕನಿಷ್ಠ ಕೂಲಿ ಗಂಟೆಗೆ 15.50 ಡಾಲರ್; ಎಂಟು ಗಂಟೆಗೆ 124. ಕ್ಲಿನಿಕ್ಕಿನ ಇಳಿಸಿದ ಶುಲ್ಕ ಅದರ ಕಾಲು ಭಾಗದಷ್ಟಿದ್ದರೂ, ಅವರ ಲೆಕ್ಕದಲ್ಲಿ ವೈದ್ಯರನ್ನು ನೋಡುವ ಖರ್ಚು ಶುಲ್ಕದಿಂದಲ್ಲ, ಬೆಳಗಾಗುವುದರಿಂದಲೇ ಶುರುವಾಗುತ್ತಿತ್ತು.

ಹದಿಮೂರು ವರ್ಷದ ಮಗಳೂ ಶಾಲೆ ಬಿಟ್ಟು ಜೊತೆಗೆ ಬಂದಿದ್ದಳು. ಏಕೆಂದು ಒಳಗೆ ಹೋದ ಮೇಲೆ ತಿಳಿಯಿತು. ಕ್ಲಿನಿಕ್ಕಿನವರು ಸ್ಪ್ಯಾನಿಷ್ ಬಲ್ಲವರು. ಮಿಶ್ಟೆಕ್‌ಗೆ ಫೋನಿನಲ್ಲಿ ಅನುವಾದಕಿಯನ್ನು ಹಿಡಿದರು. ಆಕೆ ಬೇರೆ ಊರಿನ ಮಿಶ್ಟೆಕ್ ಆಡುವವರು. ಆ ಭಾಷೆಯಲ್ಲಿ ಒಂದು ಊರಿನ ಮಾತು ದೂರದ ಇನ್ನೊಂದು ಊರಿನವರಿಗೆ ತಿಳಿಯದಷ್ಟು ಭೇದವಿದೆ. ದನಿಯ ಏರಿಳಿತ ಬದಲಾದರೆ ಅರ್ಥವೇ ಬದಲಾಗುತ್ತದೆ. ಎರಡು ನಿಮಿಷ ಇಬ್ಬರೂ ಒಬ್ಬರಿಗೊಬ್ಬರು ‘ಏನು?’ ಎಂದದ್ದು ಬಿಟ್ಟರೆ ಬೇರೇನೂ ನಡೆಯಲಿಲ್ಲ. ಕೊನೆಗೆ ಆ ಹುಡುಗಿ ಫೋನಿನ ಕಡೆಗೆ ಬೆನ್ನು ತಿರುಗಿಸಿ ತಾನೇ ಹೇಳತೊಡಗಿದಳು. ಪರೀಕ್ಷಿಸಿದ ನರ್ಸ್ ಪ್ರಾಕ್ಟೀಷನರ್ ಒಳ್ಳೆಯ ಹೆಂಗಸು, ನಿಧಾನವಾಗಿ ಮಾತನಾಡಿದರು: ಸಕ್ಕರೆ ಕಾಯಿಲೆ ಬಹಳ ವರ್ಷದ್ದು, ಹುಣ್ಣಿನ ಸೋಂಕು ಮೂಳೆಗೆ ಇಳಿದಿರಬಹುದು. ಅಪ್ಪನಿಗೆ ಏನು ಹೇಳಿದೆ ಎಂದು ಆಮೇಲೆ ಕೇಳಿದಾಗ ಹುಡುಗಿ, “ಒಳಗೆ ಕೊಳೆಯುತ್ತಿದೆ ಅಂದೆ, ಸೋಂಕಿಗೆ ನಮ್ಮ ಮಾತಿನಲ್ಲಿ ನನಗೆ ಬೇರೆ ಶಬ್ದ ಗೊತ್ತಿಲ್ಲ” ಎಂದಳು.

ನಡುವೆ ಅರ್ಜಿಯ ವಿಷಯವೂ ಬಂತು. ವಿಳಾಸದ ಸಾಲಿನ ಮುಂದೆ ಅವರ ಪೆನ್ನು ನಿಂತಿತು. ನಾನು ಮುಂದಾಗಿ, ನನ್ನ ಮನೆಯ ವಿಳಾಸ ಬರೆಯಿರಿ ಎಂದೆ. ಕೌಂಟರಿನಲ್ಲಿದ್ದಾಕೆ ನನ್ನನ್ನು ನೋಡಿ, “ಸರ್, ಹಾಗೆ ಬರೆದರೆ ಇವರ ರಿಪೋರ್ಟು ನಿಮ್ಮ ಮನೆಗೆ ಬರುತ್ತದೆ, ಇವರು ಅಲ್ಲಿರುವುದಿಲ್ಲ” ಎಂದರು. ಸಹಾಯ ಮಾಡುವವನ ಉತ್ಸಾಹ ಎಷ್ಟು ಪೆದ್ದಾಗಿರಬಲ್ಲದು ಎಂದು ನಾಚಿಕೆಯಾಯಿತು. ಅವರು ಕೊನೆಗೂ ತಮ್ಮ ವಿಳಾಸವನ್ನೇ ಬರೆದರು.

ಕ್ಲಿನಿಕ್ಕಿನಲ್ಲಿ ಆಗುವುದೆಲ್ಲ ಆಯಿತು: ಗಾಯ ತೊಳೆದರು, ಮಾತ್ರೆ ಕೊಟ್ಟರು, ಸಕ್ಕರೆ ನೋಡಿದರು. ಸ್ಕ್ಯಾನು, ರಕ್ತನಾಳದ ತಜ್ಞರು, ಬೇಕಾದರೆ ಶಸ್ತ್ರಚಿಕಿತ್ಸೆ, ಇವು ಅಲ್ಲಿಲ್ಲ. ಅಲ್ಲಿಂದಾಚೆಗೆ ಹೊರಗೆ ಕಳುಹಿಸಬೇಕು, ಹೊರಗೆ ವಿಮೆ ಬೇಕು. 2010ರ ಆರೋಗ್ಯ ವಿಮೆ ಕಾಯಿದೆ ದಾಖಲೆಯಿಲ್ಲದವರಿಗೆ ಸರ್ಕಾರಿ ವಿಮೆ ಮಾರುಕಟ್ಟೆಯಲ್ಲಿ ಪೂರ್ತಿ ಹಣ ತೆತ್ತು ಕೊಳ್ಳುವುದನ್ನೂ ನಿಷೇಧಿಸಿದೆ. ಕ್ಯಾಲಿಫೋರ್ನಿಯಾ ತನ್ನ ಸ್ವಂತ ಹಣದಿಂದ ಮೆಡಿ-ಕ್ಯಾಲ್ ಎಂಬ ಬಡವರ ವಿಮೆಯನ್ನು ಇಂಥವರಿಗೆ ವಯಸ್ಸಿನ ಮೇಲೆ ತುಂಡು ತುಂಡಾಗಿ ತೆರೆಯುತ್ತ ಬಂದಿತ್ತು: 2016ರಲ್ಲಿ ಮಕ್ಕಳಿಗೆ, 2020ರಲ್ಲಿ ಇಪ್ಪತ್ತೈದರವರೆಗಿನವರಿಗೆ, 2022ರ ಮೇ ತಿಂಗಳಲ್ಲಿ ಐವತ್ತು ದಾಟಿದವರಿಗೆ. ನಡುವಿನವರ ಸರದಿ 2024ರ ಜನವರಿಗೆ. ಅಲ್ಲಿಯವರೆಗೆ ಇವರಿಗಿದ್ದದ್ದು ತುರ್ತು ಚಿಕಿತ್ಸೆಗೆ ಮಾತ್ರ ಸೀಮಿತವಾದ ಮೆಡಿ-ಕ್ಯಾಲ್.

ಹಾಗಾದರೆ ಈಗ ಏನು ಮಾಡಬೇಕು ಎಂದು ಕೇಳಿದೆ. ಜ್ವರ ಬಂದರೆ, ಕಾಲು ಕಪ್ಪಾದರೆ, ತಡಮಾಡದೆ ಎಮರ್ಜೆನ್ಸಿಗೆ ಹೋಗಿ ಎಂದರು. ಹೇಳಿದಾಕೆಯ ತಪ್ಪಲ್ಲ ಅದು. 1986ರ ಕಾನೂನಿನ ಪ್ರಕಾರ ತುರ್ತು ವಿಭಾಗಕ್ಕೆ ಬಂದವರನ್ನು ಹಣವಿಲ್ಲವೆಂದು ಹಿಂದಕ್ಕೆ ಕಳುಹಿಸುವಂತಿಲ್ಲ. ಕಾಲು ಉಳಿಸಬಹುದಾದ ಹಂತದಲ್ಲಿ ಹಣ ಕೊಡುವವರಿಲ್ಲ, ಕಾಲು ಕೊಳೆತ ಮೇಲೆ ಇದ್ದಾರೆ, ಅಷ್ಟೇ. ಅದನ್ನು ಮಗಳು ಅಪ್ಪನಿಗೆ ಹೇಗೆ ತಿಳಿಸಿದಳೋ. ಅವರು ತಲೆಯಾಡಿಸಿ, ನಾಳೆ ಕಾಗದ ಸುತ್ತುವ ಕೆಲಸವಿದೆ, ಬೇಗ ಹೊರಡೋಣ ಎಂದರು.

ಕೊಳೆತ ದಿನ ಅಕ್ಟೋಬರ್‌ನಲ್ಲಿ ಬಂತು. ಮಡೇರಾ ಪಟ್ಟಣದಲ್ಲಿ ದೊಡ್ಡವರಿಗಿದ್ದ ಒಂದೇ ಆಸ್ಪತ್ರೆ ಹಣವಿಲ್ಲದೆ ಅದೇ ವರ್ಷದ ಜನವರಿಯಲ್ಲಿ ಬಾಗಿಲು ಹಾಕಿತ್ತು. ಅದು ಮತ್ತೆ ತೆರೆದದ್ದು 2025ರಲ್ಲಿ. ರಾತ್ರಿ ಹನ್ನೊಂದಕ್ಕೆ ರೈಟೆರೊ ತನ್ನ ವ್ಯಾನಿನಲ್ಲಿ, ಬಾಡಿಗೆ ಕೇಳದೆ, ಅವರನ್ನು ಫ್ರೆಸ್ನೋಗೆ ಒಯ್ದ. ಎರಡು ಬೆರಳು ಹೋದವು. ಆ ಬಿಲ್ಲನ್ನು ತುರ್ತಿನ ಮೆಡಿ-ಕ್ಯಾಲ್ ಭರಿಸಿತು.

ತಿಕೋಟಾದಲ್ಲಿ ಚಾಟ್ನಿಯ, ಅಂದರೆ ಬಳ್ಳಿ ಸವರುವ, ಕಾಲಕ್ಕೆ ನಮ್ಮ ತೋಟಕ್ಕೂ ಹೊರಗಿನಿಂದ ಕೂಲಿಯವರ ಗ್ಯಾಂಗ್ ಬರುತ್ತಿತ್ತು. ಅವರಲ್ಲಿ ಯಾರಿಗಾದರೂ ಜ್ವರ ಬಂದಾಗ ಎಲ್ಲಿಗೆ ಹೋಗುತ್ತಿದ್ದರು ಎಂದು ಈಚೆಗೆ ಅಪ್ಪನನ್ನು ಫೋನಿನಲ್ಲಿ ಕೇಳಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, “ಮೇಸ್ತ್ರಿ ನೋಡ್ಕೋತಿದ್ದ” ಎಂದರು.

2024ರ ಜನವರಿಯಲ್ಲಿ ಅವರಿಗೆ ಪೂರ್ಣ ಮೆಡಿ-ಕ್ಯಾಲ್ ಕಾರ್ಡು ಬಂತು. ಸಕ್ಕರೆ ಹತೋಟಿಗೆ ಬಂತು, ವಿಶೇಷ ಬೂಟು ಸಿಕ್ಕಿತು, ಕಳೆದೆರಡು ಸುಗ್ಗಿಯಲ್ಲೂ ಕೆಲಸ ಮಾಡಿದರು. ಆದರೆ 2025ರ ಜೂನ್‌ನಲ್ಲಿ ಮೆಡಿ-ಕ್ಯಾಲ್‌ನವರ ವಿವರಗಳನ್ನು ಕೇಂದ್ರ ಸರ್ಕಾರ ವಲಸೆ ಕಾನೂನು ಜಾರಿ ಮಾಡುವ ಇಲಾಖೆಗೆ ಕೊಟ್ಟ ಸುದ್ದಿ ಹೊರಬಿತ್ತು. ಕ್ಯಾಲಿಫೋರ್ನಿಯಾ ಮತ್ತಿತರ ರಾಜ್ಯಗಳು ನ್ಯಾಯಾಲಯಕ್ಕೆ ಹೋದವು. 2026ರ ಜನವರಿಯಿಂದ, ರಾಜ್ಯದ ಬೊಕ್ಕಸ ಸಾಲದೆಂದು, ಪೂರ್ಣ ಮೆಡಿ-ಕ್ಯಾಲ್‌ಗೆ ದಾಖಲೆಯಿಲ್ಲದ ವಯಸ್ಕರ ಹೊಸ ನೋಂದಣಿ ನಿಂತಿದೆ. ಇರುವವರು ವರ್ಷವರ್ಷ ನವೀಕರಿಸಿಕೊಳ್ಳಬೇಕು. ಒಮ್ಮೆ ಕೈಬಿಟ್ಟು, ಸರಿಪಡಿಸಿಕೊಳ್ಳಲು ಕೊಟ್ಟ ಅಲ್ಪ ಗಡುವೂ ಮೀರಿದರೆ, ಮರಳಿ ಸೇರುವಂತಿಲ್ಲ.

ನವೀಕರಣದ ಲಕೋಟೆಯನ್ನು ಹಿಡಿದು ಅವರು ನಮ್ಮ ಮನೆಗೆ ಬಂದಿದ್ದರು. ವಿಳಾಸದ ಸಾಲು ಮೊದಲೇ ಅಚ್ಚಾಗಿತ್ತು. ಅದು ಸರಿಯಿದೆಯೇ ಎಂದು ಗುರುತು ಹಾಕಬೇಕಿತ್ತು, ಅಷ್ಟೇ. ಕಳುಹಿಸಲೋ ಬೇಡವೋ ಎಂದು ಕೇಳಿದರು. ಈ ಸಲ ನಾನು ‘ಹೋಗುವುದಷ್ಟೇ’ ಎನ್ನಲಿಲ್ಲ. ನನಗೆ ತಿಳಿದ ಎರಡೂ ಕಡೆಯನ್ನು ಹೇಳಿದೆ, ಕೊನೆಯ ತಾರೀಖನ್ನು ತೋರಿಸಿದೆ. ಅವರು ಚಹಾ ಮುಗಿಸಿ, ಬೂಟು ಹಾಕಿಕೊಂಡು, ಲಕೋಟೆಯನ್ನು ಅಂಗಿಯೊಳಗೆ ಸೇರಿಸಿ ಹೋದರು. ಅಂಚೆಗೆ ಹಾಕಿದರೇ ಎಂದು ನಾನು ಇನ್ನೂ ಕೇಳಿಲ್ಲ.